ಆಲ್ಟರಮ್ಮನ ಮನೆಯ ಏಸಿ

ಅವಳು ಯಾರನ್ನೂ ನಂಬುವ ಹೆಂಗಸಲ್ಲ. ಬೇರೆಯವರ ಕೈಯಲ್ಲಿ ಒಂದು ಕೆಲಸ ನೆಟ್ಟಗೆ ಆದೀತು ಎಂದು ಯಾವತ್ತೂ ಒಪ್ಪಿದವಳಲ್ಲ. ಆದದ್ದನ್ನು ಕಣ್ಣಾರೆ ಕಂಡಾಗಲೂ ಬಾಯಿಬಿಟ್ಟು ಹೇಳಿದವಳಲ್ಲ. ಕೆಲವರು ಇದನ್ನು ಅಹಂಕಾರ ಎಂದರು, ಕೆಲವರು ಹೊಟ್ಟೆಕಿಚ್ಚು ಎಂದರು. ಎರಡೂ ಅಲ್ಲ. ಕೆಲವರಿಗೆ ಹುಟ್ಟಿನಿಂದ ಮೆಳ್ಳೆಗಣ್ಣಿರುವ ಹಾಗೆ ಅವಳಿಗೆ ಹುಟ್ಟಿನಿಂದ ತಪ್ಪು ಕಾಣುವ ಕಣ್ಣಿತ್ತು. ಆ ಕಣ್ಣಿಗೆ ಸಂಬಳ ಕೊಡುವವರೂ ಸಿಕ್ಕಿದ್ದರು.

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳು ಚೆಕ್ಕರ್. ಹೊಲಿಗೆ ಮಷೀನುಗಳ ಸಾಲು ಮುಗಿಯುವಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಅವಳ ಎತ್ತರದ ಮೇಜು. ಹೊಲಿದ ಅಂಗಿಗಳೆಲ್ಲ ಒಂದರ ಹಿಂದೊಂದು ಅಲ್ಲಿಗೆ ಬರಬೇಕು. ಕಾಲರು, ತೋಳು, ಕಂಕುಳ ಕೆಳಗಿನ ಜೋಡಣೆ, ಕಾಜಾ, ಗುಂಡಿ ಎಲ್ಲದರ ಮೇಲೆ ಅವಳ ಬೆರಳು ಓಡಬೇಕು. ಆಮೇಲೆ ಅಂಗಿ ಮುಂದಕ್ಕೆ ಹೋಗಬೇಕು, ಇಲ್ಲವೇ ಬಂದ ದಾರಿ ಹಿಡಿಯಬೇಕು. ಹಾಗೆ ರಿಪೇರಿಗೆಂದು ವಾಪಸಾಗುವ ಬಟ್ಟೆಗೆ ಅಲ್ಲಿಯವರು ಆಲ್ಟರ್ ಎನ್ನುತ್ತಾರೆ. ಅವಳ ಮೇಜಿನಿಂದ ಮುಂದೆ ಹೋದದ್ದಕ್ಕಿಂತ ಹಿಂದೆ ಬಂದದ್ದೇ ಹೆಚ್ಚು ಎಂಬುದು ಹೊಲಿಯುವವರ ದೂರು. ಹೀಗಾಗಿ ಅವಳಿಗೆ ಆಲ್ಟರಮ್ಮ ಎಂದು ಹೆಸರು ಬಿತ್ತು. ಎದುರಿಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

"ಆಲ್ಟರಮ್ಮ ಮದುವೆಗೆ ಹೇಗೆ ಒಪ್ಪಿದಳೇ?" ಎಂದು ಒಬ್ಬಳು ಕೇಳಿದರೆ, "ಗಂಡನ್ನ ನಾಲ್ಕು ಸಲ ವಾಪಸ್ ಕಳಿಸಿರ್ತಾಳೆ, ಐದನೇ ಸಲ ಪಾಸ್ ಮಾಡಿರ್ತಾಳೆ," ಎಂದು ಇನ್ನೊಬ್ಬಳು ಮಷೀನು ತುಳಿಯುತ್ತಲೇ ಹೇಳುವಳು.

ಆ ಗಂಡ ಅದೇ ಕಾರ್ಖಾನೆಯ ಹಿಂಬಾಗಿಲಲ್ಲಿ ಲಾರಿಗೆ ಬಟ್ಟೆಯ ಬೇಲುಗಳೆಂಬ ಬಿಗಿದ ದೊಡ್ಡ ಮೂಟೆಗಳನ್ನು ಏರಿಸುತ್ತಿದ್ದ. ನಗೆಮಾತಿನವನು. ಒಂದು ದಿನ ಏರಿಸಿದ ಬೇಲಿನ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದಾಗ ಹಗ್ಗ ಜಾರಿತು, ಅವನು ಕತ್ತಿನ ಮೇಲೆ ಬಿದ್ದ. ಜೀವ ಉಳಿಯಿತು, ಭುಜದಿಂದ ಕೆಳಗೆ ಮೈ ತನ್ನದಲ್ಲ ಎಂಬಂತೆ ಬಿದ್ದುಕೊಂಡಿತು. ನೋಡಲು ಬಂದವರು ಮುಖ ಸಣ್ಣ ಮಾಡಿಕೊಂಡು ನಿಂತರೆ ಅವನೇ ಸಮಾಧಾನ ಹೇಳುತ್ತಿದ್ದ: "ಕೂತ್ಕೊಳ್ಳಿ, ಕೂತ್ಕೊಳ್ಳಿ. ಈ ಮನೆಗೆ ನಾನೇ ಯಜಮಾನ. ಕತ್ತಿನಿಂದ ಮೇಲಕ್ಕೆ ಮಾತ್ರ."

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ್ದರು. ಇವನ ಮೈ ಇನ್ನು ಬೆವರುವುದಿಲ್ಲ. ಸೆಖೆಯಾದರೆ ಒಳಗಿನ ಕಾವು ಹೊರಗೆ ಹೋಗಲು ದಾರಿಯಿಲ್ಲ. ಏರುತ್ತಲೇ ಹೋಗುತ್ತದೆ, ಮೊದಲು ತಲೆ ಕೆಡುತ್ತದೆ, ಆಮೇಲೆ ಜೀವ ಹೋಗುತ್ತದೆ. "ಕೋಣೆ ತಂಪಾಗಿರಬೇಕು. ಅದು ಶೋಕಿ ಅಂದ್ಕೋಬೇಡಿ, ಔಷಧಿ ಅಂದ್ಕೊಳ್ಳಿ."

ಅವರ ಮನೆ ಕಟ್ಟಡದ ಕೊನೆಯ ಮಹಡಿಯಲ್ಲಿತ್ತು, ನೆತ್ತಿಯ ಮೇಲೆಯೇ ತಾರಸಿ. ಮನೆಯಲ್ಲಿ ಮೂರನೆಯವಳು ಅತ್ತೆ. ಜೀವಮಾನವೆಲ್ಲ ಮನೆಯ ಮೂಲೆಯಲ್ಲಿ ಮಷೀನು ತುಳಿದು ಮಗನನ್ನು ಸಾಕಿದವಳು. ಅತ್ತೆಯದೂ ಸೊಸೆಯದೂ ಒಂದೇ ಕಸುಬು, ಆದರೆ ಒಬ್ಬಳು ಸೂಜಿಯ ಈ ಕಡೆ, ಇನ್ನೊಬ್ಬಳು ಆ ಕಡೆ. ಮಗ ಹಾಸಿಗೆ ಹಿಡಿದ ಹೊಸದರಲ್ಲಿ ಅತ್ತೆ ಅವನಿಗೆಂದು ಮೆತ್ತನೆಯ ದಿಂಬಿನ ಚೀಲ ಹೊಲಿದಳು. ಸೊಸೆ ಅದನ್ನು ಒಳಮಗ್ಗುಲಾಗಿ ತಿರುಗಿಸಿ, ದೀಪಕ್ಕೆ ಹಿಡಿದು, ಒಂದು ಕಡೆ ಉಗುರಿಟ್ಟಳು.

"ಇಲ್ಲಿ ಗಂಟಿದೆ, ಅತ್ತೆ. ಅವರ ಕಿವಿಗೆ ಒತ್ತುತ್ತೆ."

"ಕಿವಿಗೆ ಒತ್ತುತ್ತೆ ಅಂತ ಅವನು ಹೇಳಿದನಾ?"

"ಹೇಳೋವರೆಗೂ ಕಾಯ್ಬೇಕಾ?"

ಅವತ್ತೇ ಅದನ್ನು ಬಿಚ್ಚಿ ತಾನೇ ಹೊಲಿದಳು. ಮಾತು ನಿಜವೇ, ಗಂಟು ಇತ್ತು. ಆದರೆ ಅಂದಿನಿಂದ ಅತ್ತೆ ತಾನು ಹೊಲಿದದ್ದನ್ನು ಸೊಸೆಯ ಕಣ್ಣಿಗೆ ಬೀಳದಂತೆ ಇಡತೊಡಗಿದಳು. ಸೊಸೆ ಕೆಲಸಕ್ಕೆ ಹೋದ ಮೇಲೆ ಮಷೀನಿನ ಸದ್ದು, ಬರುವ ಹೊತ್ತಿಗೆ ಮಷೀನಿನ ಮೇಲೆ ಮುಸುಕು.

ಬೇಸಿಗೆಗೆ ಮುಂಚೆ ಏಸಿ ಬಂತು. ಹಾಕಿದ ದಿನ ಅವಳು ಡ್ಯೂಟಿಯಲ್ಲಿದ್ದಳು. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಗೋಡೆಯ ಹತ್ತಿರ ನಿಂತಳು. ಪೈಪು ಹೋಗಲು ಕೊರೆದ ತೂತಿನ ಸುತ್ತ ಸಿಮೆಂಟು ಸರಿಯಾಗಿ ಕೂತಿಲ್ಲವೆಂದು ಏಸಿ ಹಾಕಿದವನನ್ನು ಮರುದಿನ ಮತ್ತೆ ಕರೆಸಿದಳು. ಆ ಸಂಜೆಯೇ ಸ್ಟೂಲು ಹತ್ತಿ ಮುಚ್ಚಳ ತೆರೆದು ನೋಡಿದಳು. ಒಳಗೆ ಧೂಳು ಹಿಡಿಯುವ ಬಲೆಯಂಥ ಫಿಲ್ಟರು, ಅದಕ್ಕೆ ತೆಳ್ಳನೆಯ ಬಿಳಿ ಬಟ್ಟೆಯ ಗವಸು. ಗವಸನ್ನು ಎಳೆದು ಈ ಕಡೆ ಆ ಕಡೆ ತಿರುಗಿಸಿದಳು. ಮೂಲೆಗಳು ಅಚ್ಚು ಹೊಡೆದ ಹಾಗೆ ಚೌಕ, ಹೊಲಿಗೆ ಒಂದೇ ಅಳತೆ, ದಾರದ ತುದಿ ಎಲ್ಲಿ ಮುಗಿದಿದೆ ಎಂದೇ ತಿಳಿಯದು.

"ಇದನ್ನ ಹೊಲಿದ ಕೈ ಒಳ್ಳೇ ಕೈ," ಎಂದಳು. "ಇಂಥವರು ಏಸಿ ಕಂಪನಿಗೆ ಎಲ್ಲಿ ಸಿಕ್ಕಿದರೋ!"

ಮಂಚದಿಂದ ಗಂಡ ಕೂಗಿದ: "ಅಮ್ಮಾ, ತಾರಸಿ ಮೇಲಿನ ಬಟ್ಟೆ ತೆಗಿ. ಇವಳು ಒಬ್ಬರನ್ನ ಹೊಗಳಿದಳು, ಇವತ್ತು ಮಳೆ ಗ್ಯಾರಂಟಿ."

ಬಾಗಿಲಲ್ಲಿ ನಿಂತಿದ್ದ ಅತ್ತೆ ನಗಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು.

ಮೊದಮೊದಲು ಏಸಿ ಹೇಳಿದ ಹಾಗೆ ನಡೆಯಿತು. ಕೋಣೆ ತಂಪಾದೊಡನೆ ಹೊರಗಿನ ಪೆಟ್ಟಿಗೆ ಟಕ್ ಎಂದು ನಿಲ್ಲುವುದು, ಸ್ವಲ್ಪ ಸೆಖೆಯಾದರೆ ಮತ್ತೆ ಗುರ್ ಎನ್ನುವುದು. ಬಿಸಿಲು ಏರುತ್ತ ಬಂದ ಹಾಗೆ ಆ ಟಕ್ ಎಂಬ ಸದ್ದು ಅಪರೂಪವಾಯಿತು. ಆಮೇಲೆ ನಿಂತೇ ಹೋಯಿತು. ಏಸಿ ಬೆಳಿಗ್ಗೆಯೂ ಓಡಿತು, ಮಧ್ಯಾಹ್ನವೂ ಓಡಿತು, ಉಸಿರು ತೆಗೆದುಕೊಳ್ಳಲೂ ನಿಲ್ಲದೆ ಓಡಿತು. ಕೋಣೆ ಮಾತ್ರ ದಿನದಿಂದ ದಿನಕ್ಕೆ ಬೆಚ್ಚಗಾಯಿತು.

ಅವಳು ಅದನ್ನು ಅಂಗಿ ನೋಡಿದ ಹಾಗೆಯೇ ನೋಡಿದಳು, ಒಂದು ತುದಿಯಿಂದ ಶುರುಮಾಡಿ ಇನ್ನೊಂದು ತುದಿಗೆ. ರಿಮೋಟು ಸರಿಯಾಗಿಯೇ ಇತ್ತು. ಬಾಗಿಲ ಕೆಳಗಿನ ಸಂದಿಗೆ ಬಟ್ಟೆಯ ಸುರುಳಿ ತುರುಕಿದಳು. ಕಿಟಕಿಯ ಅಂಚಿಗೆಲ್ಲ ಟೇಪು ಅಂಟಿಸಿದಳು. ಹೊರಗಿನ ಪೆಟ್ಟಿಗೆಯ ಬೆನ್ನಿಗೆ ಪಾರಿವಾಳ ತಂದು ಗುಡ್ಡೆಹಾಕಿದ್ದ ಕಡ್ಡಿಕಸವನ್ನು ಬ್ರಷ್ಷಿನಿಂದ ಕೆರೆದಳು. ತಾರಸಿಯ ಮೇಲೆ ಗೋಣಿಚೀಲ ಹಾಸಿ ನೀರು ಚಿಮುಕಿಸಿದಳು. ಫಿಲ್ಟರನ್ನು ರಜೆಯ ದಿನ ತಪ್ಪದೆ ತೊಳೆದಳು. ಗವಸನ್ನು ಸೋಪು ಹಾಕಿ ಹಿಂಡಿ, ಒಣಗಿಸಿ, ಮತ್ತೆ ಬಿಗಿಯಾಗಿ ತೊಡಿಸಿದಳು. ತೊಳೆದಷ್ಟೂ ಬಟ್ಟೆ ಕುಗ್ಗಿ ನೇಯ್ಗೆ ಒತ್ತಾಯಿತು. ಅದು ಅವಳ ಬೆರಳಿಗೆ ತಿಳಿಯಿತು, ಆದರೆ ಬಿಗಿಯಾದಷ್ಟೂ ಒಳ್ಳೆಯದೆಂದುಕೊಂಡಳು.

ಹತ್ತಿರದ ರಿಪೇರಿ ಅಂಗಡಿಯ ಮೆಕ್ಯಾನಿಕ್ಕು ಬಂದ. ಹೊರಗಿನ ಪೆಟ್ಟಿಗೆಗೆ ಮೀಟರು ಹಚ್ಚಿದ, ಗ್ಯಾಸು ಕಡಿಮೆಯಿದೆ ಎಂದು ಸ್ವಲ್ಪ ತುಂಬಿಸಿದ. ಒಳಗೆ ಮುಚ್ಚಳ ಎತ್ತಿ ಇಣುಕಿದ.

"ಫಿಲ್ಟರು ಪಳಪಳ ಅಂತಿದೆ ಅಕ್ಕಾ! ಎಲ್ಲರ ಮನೇಲೂ ಹಿಂಗಿದ್ರೆ ನಾನು ಅಂಗಡಿ ಮುಚ್ಚಬೇಕಾಗುತ್ತೆ."

"ಮತ್ತೆ ಯಾಕೆ ನಿಲ್ತಾ ಇಲ್ಲ?"

"ನಿಮ್ಮ ತಲೆ ಮೇಲೆ ತಾರಸಿ ಅಲ್ಲ, ಕೆಂಡ. ಮಷೀನು ಪಾಪ ಏನು ಮಾಡುತ್ತೆ? ಓಡ್ಲಿ ಬಿಡಿ."

"ಓಡೋದಕ್ಕೆ ತಂದಿದ್ದಲ್ಲ, ತಣ್ಣಗೆ ಮಾಡೋದಕ್ಕೆ ತಂದಿದ್ದು."

"ಮಾಡುತ್ತೆ ಅಕ್ಕಾ, ಮಾಡುತ್ತೆ. ನೀವು ಹಂಗೆ ದುರುಗುಟ್ಟಿ ನೋಡಿದ್ರೆ ಹೆದರಿಕೊಂಡಾದ್ರೂ ಮಾಡುತ್ತೆ."

ಅವನು ಹೋದ ಮೇಲೂ ಅವಳು ಏಸಿಯನ್ನು ದುರುಗುಟ್ಟಿ ನೋಡುತ್ತಲೇ ಇದ್ದಳು. ತಪ್ಪು ಇದೆ ಎಂದು ಗೊತ್ತು. ಎಲ್ಲಿದೆ ಎಂದು ಕಾಣದು. ಅಂಥ ಸ್ಥಿತಿ ಅವಳಿಗೆ ಹೊಸದು. ಕಾರ್ಖಾನೆಯಲ್ಲಿ ಕೈ ನಿಧಾನವಾಯಿತು. ಮೇಜಿನ ಮೇಲೆ ಅಂಗಿಗಳು ರಾಶಿ ಬಿದ್ದವು. ಊಟದ ಬಿಡುವಿನಲ್ಲಿ ಮನೆಗೆ ಫೋನು ಮಾಡಿ, "ನಿಂತಿತಾ?" ಎಂದು ಮಾತ್ರ ಕೇಳುವಳು. "ಇಲ್ಲ," ಎಂದು ಅತ್ತೆ. ಅಷ್ಟೇ ಸಂಭಾಷಣೆ.

ಒಂದು ರಜೆಯ ದಿನ ಬೆಳಿಗ್ಗೆಯೇ ಗೋಡೆ ಮುಟ್ಟಿದರೆ ಕೈಗೆ ಬಿಸಿ ತಾಗುತ್ತಿತ್ತು. ಊಟದ ಹೊತ್ತಿಗೆ ಗಂಡನ ಮುಖ ಕೆಂಪಾಯಿತು. ಅವನು ತಮಾಷೆ ಮಾಡುವುದನ್ನು ನಿಲ್ಲಿಸಿದ. ಅವಳಿಗೆ ಮೊದಲು ಭಯ ಹುಟ್ಟಿಸಿದ್ದು ಜ್ವರವಲ್ಲ, ಅದು. ಹಣೆ ಮುಟ್ಟಿದಳು, ಕಾದ ಕಾವಲಿ. ಕೈ ಮುಟ್ಟಿದಳು, ಕಾದಿತ್ತು, ಒಂದು ಹನಿ ಬೆವರಿಲ್ಲ. ಥರ್ಮಾಮೀಟರಿಟ್ಟಳು. ನೂರೆರಡು ದಾಟಿತ್ತು. ಗೋಡೆಯ ಮೇಲೆ ಏಸಿ ತನ್ನ ಪಾಡಿಗೆ ತಾನು ಗುಂಯ್ ಎನ್ನುತ್ತಿತ್ತು.

ಆಸ್ಪತ್ರೆಗೆ ಫೋನು ಮಾಡಿದಳು. ಎತ್ತಿದ ನರ್ಸು ಉಸಿರು ಬಿಡದೆ ಹೇಳಿದಳು: "ಈ ಬಿಸಿಲಿಗೆ ಎಲ್ಲ ಕಡೆಯಿಂದ ಕರೀತಿದಾರೆ, ಆಂಬುಲೆನ್ಸ್ ಒಂದೂ ಒಳಗಿಲ್ಲ. ಬಂದ ತಕ್ಷಣ ಕಳಿಸ್ತೀವಿ. ಒದ್ದೆ ಬಟ್ಟೆ ಹೊದಿಸಿ, ಫ್ಯಾನು ಹಾಕಿ, ಏನಾದ್ರೂ ಮಾಡಿ ಕೋಣೆ ತಣ್ಣಗೆ ಮಾಡಿ. ಮಾತಾಡಿಸ್ತಾ ಇರಿ. ಮಾತು ನಿಂತರೆ ಸಿಕ್ಕಿದ ಗಾಡೀಲಿ ಹಾಕ್ಕೊಂಡು ಬಂದುಬಿಡಿ."

ಸಿಕ್ಕಿದ ಗಾಡಿ! ಕತ್ತು ನಿಲ್ಲದ ಮನುಷ್ಯನನ್ನು ಅಷ್ಟು ಮೆಟ್ಟಿಲು ಇಳಿಸಿ, ಕಾದ ತಗಡಿನ ಗಾಡಿಯಲ್ಲಿ, ಆ ಬಿಸಿಲಿನಲ್ಲಿ. ಇಲ್ಲಿಯೇ ಇದ್ದರೂ ಸಾಯುತ್ತಾನೆ, ಹೊರಟರೂ ಸಾಯುತ್ತಾನೆ ಎಂದು ಅವಳ ಮನಸ್ಸು ಲೆಕ್ಕ ಹಾಕಿತು. ಅತ್ತೆ ಆಗಲೇ ಹಾಸಿಗೆ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ತಂದು ಮಗನ ಮೇಲೆ ಹರಡುತ್ತಿದ್ದಳು. ನಲ್ಲಿಯ ನೀರೂ ಬೆಚ್ಚಗಿತ್ತು.

"ಲಾರಿ ಹೊರಡ್ಲಿ ಬಿಡ್ರೋ," ಎಂದ ಅವನು, ಕಣ್ಣು ಮುಚ್ಚಿಕೊಂಡೇ. "ಎಷ್ಟು ಹೊತ್ತು ಬಿಸಿಲಲ್ಲಿ ನಿಲ್ಸ್ತೀರಿ?"

"ಮಗಾ, ಲಾರಿ ಇಲ್ಲ ಕಣೋ. ಮನೇಲಿದೀಯ," ಎಂದಳು ಅತ್ತೆ. ಸೊಸೆಯ ಕಡೆ ತಿರುಗಿದಳು. "ಏನಾದ್ರೂ ಮಾಡೇ! ಊರಿಗೆಲ್ಲ ತಪ್ಪು ಹುಡುಕ್ತೀಯಲ್ಲ, ಈ ಹಾಳಾದ್ದರ ತಪ್ಪು ಹುಡುಕೋಕಾಗಲ್ವಾ ನಿನಗೆ?"

ಸೊಸೆ ಸ್ಟೂಲು ಎಳೆದು ಹತ್ತಿದಳು. ಗಾಳಿ ಬರುವ ಬಾಯಿಗೆ ಅಂಗೈ ಒಡ್ಡಿದಳು. ಸದ್ದು ಅಷ್ಟು ದೊಡ್ಡದು, ಗಾಳಿ ಮುದುಕರ ಉಸಿರಿನಷ್ಟು. ಸೆರಗಿನಂಚಿನಿಂದ ಒಂದು ಎಳೆ ಕಿತ್ತು ಮೇಲುಗಡೆ, ಗಾಳಿ ಒಳಹೋಗುವ ಕಡೆ ಹಿಡಿದಳು. ಒಳಗೆ ಎಳೆದುಕೊಳ್ಳಬೇಕಾದದ್ದು ನೆಟ್ಟಗೆ ಕೆಳಗೆ ಜೋತಾಡಿತು. ಮುಚ್ಚಳ ಎತ್ತಿ, ಗವಸು ತೊಟ್ಟ ಫಿಲ್ಟರನ್ನು ಹೊರಗೆಳೆದಳು. ಅದರ ಹಿಂದೆ ತಾಮ್ರದ ಕೊಳವೆ, ತಗಡಿನ ಎಸಳು ಕಾಣಬೇಕಿತ್ತು. ಕಂಡದ್ದು ಹಿಂದೆ ತೊಳೆಯುವಾಗ ಎಂದೂ ಇರದಿದ್ದ, ಬೆಳ್ಳಗೆ ಹೆಪ್ಪುಗಟ್ಟಿದ ಮಂಜುಗಡ್ಡೆಯ ಗೋಡೆ.

ಕೆಳಗೆ ಒಬ್ಬ ಮನುಷ್ಯ ಬೇಯುತ್ತಿದ್ದಾನೆ; ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಮಂಜು ಬಚ್ಚಿಟ್ಟುಕೊಂಡು ಕೂತಿದೆ.

ಸ್ಟೂಲಿನ ಮೇಲಿಂದಲೇ ಮೆಕ್ಯಾನಿಕ್ಕಿಗೆ ಫೋನು ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು.

"ಅಕ್ಕಾ, ಸಂಜೆ ಬರ್ತೀನಿ, ಇಲ್ಲೊಂದು ಕಡೆ ಏಣಿ ಮೇಲಿದೀನಿ..."

"ಒಳಗೆಲ್ಲ ಐಸು ಕಟ್ಟಿದೆ. ನನ್ನ ಗಂಡ ಸಾಯ್ತಿದಾನೆ. ಏನು ಮಾಡ್ಲಿ ಹೇಳು."

"ಐಸಾ? ಕೂಲಿಂಗ್ ನಿಲ್ಸಿಬಿಡಿ. ರಿಮೋಟಲ್ಲಿ ಬರೀ ಫ್ಯಾನಿಗೆ ಹಾಕಿ, ಐಸು ಕರಗೋ ತನಕ. ಗಾಳಿ ಹೋಗೋಕೆ ಏನೋ ಅಡ್ಡ ಇರ್ಬೇಕು. ಫಿಲ್ಟರು ತೊಳೆದೇ ಇತ್ತಲ್ವಾ?"

"ತೊಳೆದಿದೆ. ಗವಸೂ ತೊಳೆದಿದೀನಿ."

"ಯಾವ ಗವಸು?"

"ಬಿಳೀ ಬಟ್ಟೇದು. ಕಂಪನೀದು."

"ಅಯ್ಯೋ, ಅದಾ? ಅವತ್ತು ನೋಡಿದೆ, ಹೊಸ ಮಾಡೆಲಲ್ಲಿ ಬರುತ್ತೇನೋ ಅಂದ್ಕೊಂಡೆ. ಕಂಪನಿಯವರು ಬಟ್ಟೆ ಕೊಡಲ್ಲ ಅಕ್ಕಾ, ಯಾವ ಕಂಪನೀನೂ ಕೊಡಲ್ಲ. ಮೂಗಿಗೆ ಬಟ್ಟೆ ಕಟ್ಟಿ ಓಡು ಅಂದ್ರೆ ಹೇಗೆ ಓಡುತ್ತೆ? ಬಿಸಾಕಿ ಅದನ್ನ!"

ಅವಳು ರಿಮೋಟು ಒತ್ತಿದಳು. ಹೊರಗಿನ ಪೆಟ್ಟಿಗೆ ನಿಂತಿತು.

"ಯಾಕೆ ಆರಿಸಿದೆ?" ಅತ್ತೆ ಹೌಹಾರಿದಳು. "ಬರ್ತಿದ್ದ ಚೂರು ತಂಪೂ ಹೋಯ್ತಲ್ಲೇ! ಕೊಲ್ತೀಯೇನೇ ಅವನ್ನ?"

"ಐಸು ಕರಗಬೇಕು. ಕರಗೋ ತನಕ ಇದು ಇದ್ದೂ ಇಲ್ಲ."

"ಅಷ್ಟು ಹೊತ್ತು?"

ಅಷ್ಟು ಹೊತ್ತು ಏನಾಗುತ್ತದೆ ಎಂದು ಸೊಸೆಗೂ ಗೊತ್ತಿರಲಿಲ್ಲ. ಕೆಳಗಿಳಿದಾಗ ಕೈಯಲ್ಲಿದ್ದ ಗವಸನ್ನು ಎಸೆಯಲು ಹೋದವಳು ಅಭ್ಯಾಸಬಲದಿಂದ ಒಮ್ಮೆ ತಿರುಗಿಸಿದಳು. ಕಂಪನಿಯದಲ್ಲ ಎಂದ ಮೇಲೆ ಯಾರದು? ದಾರದ ತುದಿಯನ್ನು ಒಳಕ್ಕೆ ಮಡಚಿ ಅದರ ಮೇಲೆಯೇ ಹಿಂದಕ್ಕೆ ಹೊಲಿದು ಮುಗಿಸುವ ರೀತಿ ಕಾರ್ಖಾನೆಯವರದಲ್ಲ. ಅಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? ತಲೆ ಎತ್ತಿದಳು. ಅತ್ತೆ ಒದ್ದೆ ಬಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದಳು. ಫೋನಿನಲ್ಲಿ ಮೆಕ್ಯಾನಿಕ್ಕು ಕಿರುಚಿದ್ದೆಲ್ಲ ಅವಳಿಗೂ ಕೇಳಿಸಿತ್ತು.

"ಧೂಳು ಅವನ ಮೂಗಿಗೆ ಹೋಗದೇ ಇರ್ಲಿ ಅಂತ," ಎಂದಳು ಮುದುಕಿ. "ಕೆಮ್ಮೋಕೂ ಶಕ್ತಿ ಇಲ್ಲ ಅಂತ... ಹಾಕಿದ ದಿನಾನೇ..."

"ಆಮೇಲೆ. ನೀರು ತನ್ನಿ. ಫ್ರಿಜ್ಜಲ್ಲಿರೋ ಐಸೆಲ್ಲ ಬಕೆಟ್ಟಿಗೆ ಹಾಕಿ ತನ್ನಿ."

ಮುಂದಿನ ಹೊತ್ತು ಹೇಗೆ ಹೋಯಿತೆಂದು ಇಬ್ಬರಲ್ಲಿ ಯಾರೂ ಆಮೇಲೆ ಸರಿಯಾಗಿ ಹೇಳಲಾರದೆ ಹೋದರು. ಏಸಿಯಿಂದ ಹನಿ ಬಿತ್ತು, ಆಮೇಲೆ ಧಾರೆ ಬಿತ್ತು, ತುಂಡು ತುಂಡಾಗಿ ಮಂಜು ಉದುರಿತು. ಅತ್ತೆ ಅದನ್ನೂ ಹೆಕ್ಕಿ ಬಟ್ಟೆಯಲ್ಲಿ ಸುತ್ತಿ ಮಗನ ಕಂಕುಳಿಗೆ, ಕತ್ತಿಗೆ ಇಟ್ಟಳು. ಸೊಸೆ ಮಂಚದ ಪಕ್ಕ ಮಂಡಿಯೂರಿ ಅವನ ಕೆನ್ನೆ ತಟ್ಟುತ್ತ ಮಾತಾಡಿಸಿದಳು. ಏನು ಮಾತಾಡುವುದು? ಅಕ್ಕರೆಯ ಮಾತು ಅವಳ ನಾಲಿಗೆಗೆ ಅಭ್ಯಾಸವಿಲ್ಲ.

"ರೀ. ಇದು ಯಾವ ಊರು ಹೇಳಿ. ರೀ! ಇವತ್ತು ಯಾವ ವಾರ?"

ಅವಳು ಕೆನ್ನೆಯನ್ನು ಇನ್ನೂ ಜೋರಾಗಿ ತಟ್ಟಿದಳು.

"ರೀ, ಕಾರ್ಖಾನೇಲಿ ನನ್ನ ಬೆನ್ನ ಹಿಂದೆ ಏನಂತ ಕರೀತಾರೆ ಹೇಳಿ. ನಿಮಗೆ ಗೊತ್ತು. ಇಷ್ಟು ವರ್ಷ ಮುಚ್ಚಿಟ್ಟಿದೀರಿ. ಹೇಳಿ ಈಗ. ಹೇಳ್ರೀ!"

ಅವನ ತುಟಿ ಅಲ್ಲಾಡಿತು. ಇಬ್ಬರು ಹೆಂಗಸರೂ ಬಗ್ಗಿದರು.

"ಆಲ್ಟರಮ್ಮ," ಎಂದ.

"ಜೋರಾಗಿ."

"ಆಲ್ಟರಮ್ಮ."

"ಇನ್ನೊಂದು ಸಲ."

ಗಳಿಗೆಗೊಮ್ಮೆ ಅವಳು ತನ್ನ ಆ ಅಡ್ಡಹೆಸರನ್ನು ಅವನ ಬಾಯಿಂದ ಹೊರಡಿಸಿದಳು. ಪ್ರತಿ ಸಲವೂ ಅದು ಸ್ವಲ್ಪ ತಡವಾಗಿ, ಸ್ವಲ್ಪ ಮೆಲ್ಲಗೆ ಬಂತು. ಒಂದು ಸಲ ಬರಲೇ ಇಲ್ಲ. ಅವಳು ಎದ್ದು ಬಾಗಿಲ ಕಡೆ ನೋಡಿದಳು. ಪಕ್ಕದ ಮನೆಯವರನ್ನು ಕೂಗಿ ಇವನನ್ನು ಇಳಿಸಲೇಬೇಕೆಂದು ನಿಶ್ಚಯಿಸಿ ಹೆಜ್ಜೆ ಎತ್ತಿದಳು. ಹಿಂದಿನಿಂದ ಅವನು ಗೊಣಗಿದ್ದು ಕೇಳಿಸಿತು: "...ಟರಮ್ಮ."

ಹನಿ ನಿಂತಿತು. ಸ್ಟೂಲು ಹತ್ತಿ ನೋಡಿದಳು. ಕೊಳವೆಗಳು ಒದ್ದೆಯಾಗಿ ಹೊಳೆಯುತ್ತಿದ್ದವು. ಬರಿಯ ಬಲೆಯ ಫಿಲ್ಟರನ್ನು ತಳ್ಳಿ, ಮುಚ್ಚಳ ಹಾಕಿ, ರಿಮೋಟು ಒತ್ತಿದಳು. ಹೊರಗಿನ ಪೆಟ್ಟಿಗೆ ತಕ್ಷಣ ಏಳಲಿಲ್ಲ. ಏಳುವುದಿಲ್ಲವೋ ಏನೋ ಎಂದುಕೊಳ್ಳುವಷ್ಟರಲ್ಲಿ ಗುರ್ ಎಂದಿತು. ಆಮೇಲೆ ಗಾಳಿ ಬಂತು. ಒದ್ದೆ ಬಟ್ಟೆಯ ಮೇಲೆ ಹಾದು, ಕಿಟಕಿಯ ಪರದೆಯ ಅಂಚನ್ನು ಎಬ್ಬಿಸಿ, ಕೋಣೆಯ ತುಂಬ.

ಬಿಸಿಲು ಇಳಿಯುವ ಹೊತ್ತಿಗೆ ಥರ್ಮಾಮೀಟರು ನೂರಕ್ಕೆ ಬಂದಿತ್ತು. ಅವನು ನೀರು ಕೇಳಿದ, ಗುಟುಕು ಗುಟುಕಾಗಿ ಕುಡಿದ, ಇಬ್ಬರ ಮುಖವನ್ನೂ ನೋಡಿ, "ಯಾರು ಸತ್ತರು?" ಎಂದು ಕೇಳಿ, ಮತ್ತೆ ಕಣ್ಣು ಮುಚ್ಚಿದ. ಈ ಸಲದ್ದು ನಿದ್ದೆ. ಆಸ್ಪತ್ರೆಯಿಂದ ಫೋನು ಬಂತು. ಜ್ವರ ಇಳಿಯುತ್ತಿದೆ ಎಂದಮೇಲೆ ಅಲ್ಲೇ ಇರಲಿ, ಆದರೆ ಅವನ ಮೇಲಿಂದ ಕಣ್ಣು ಕೀಳಬೇಡಿ, ಬೆಳಗಿನವರೆಗೂ ಆಗಾಗ ನೋಡುತ್ತಿರಿ, ಮತ್ತೆ ಏರಬಹುದು ಎಂದರು.

ಸ್ವಲ್ಪ ಹೊತ್ತಿಗೆ ಹೊರಗಿನ ಪೆಟ್ಟಿಗೆ ಟಕ್ ಎಂದು ನಿಂತಿತು. ಅತ್ತೆ ದಿಗ್ಗನೆ ಎದ್ದು ನಿಂತಳು.

"ಹೋಯ್ತು! ಕೆಟ್ಟೋಯ್ತು!"

"ಇಲ್ಲ. ತಣ್ಣಗಾಯ್ತು ಅಂತ ನಿಂತಿದೆ."

ಆ ನಿಶ್ಶಬ್ದದಲ್ಲಿ ಇಬ್ಬರೂ ನೆಲದ ಮೇಲೆ ನೀರಿನ ನಡುವೆಯೇ ಕೂತರು. ಗವಸು ಅವರಿಬ್ಬರ ಮಧ್ಯೆ ಬಿದ್ದಿತ್ತು. ಅದರ ಕಡೆ ನೋಡುತ್ತಲೇ ಸೊಸೆ ಕೇಳಿದಳು:

"ನಾನು ಕಂಪನೀದು ಅಂದಾಗ ನೀವು ಅಲ್ಲೇ ಇದ್ರಿ. ನಂದು ಅಂತ ಯಾಕೆ ಹೇಳ್ಲಿಲ್ಲ?"

ಅತ್ತೆ ಸೆರಗಿನ ತುದಿಯನ್ನು ಹಿಂಡಿದಳು. ನೀರು ತೊಟ್ಟಿಕ್ಕಿತು.

"ಒಳ್ಳೇ ಕೈ ಅಂದೆ ನೀನು. ಈ ಮನೆಗೆ ಬಂದಮೇಲೆ ಮೊದಲನೇ ಸಲ ಅಂದೆ. ನಂದು ಅಂತ ಗೊತ್ತಾದ್ರೆ ತಿರುಗಿಸಿ ನೋಡಿ ಒಂದು ಗಂಟು ಹುಡುಕ್ತಿದ್ದೆ." ಅವಳು ಮಗನ ಕಡೆ ನೋಡಿದಳು. "ಅಂದದ್ದು ಅಂದಂಗೇ ಇರ್ಲಿ ಅಂತ ಬಾಯಿ ಮುಚ್ಕೊಂಡಿದ್ದೆ. ಇದರಿಂದ ಹೀಗಾಗುತ್ತೆ ಅಂತ ನನಗೇನು ಗೊತ್ತು? ಬೈಯೋದಿದ್ರೆ ಬೈದುಬಿಡು. ಸುಮ್ನೆ ಕೂರ್ಬೇಡ."

ಸೊಸೆ ಗವಸನ್ನು ಎತ್ತಿಕೊಂಡಳು. ಒಳಮಗ್ಗುಲು ಮಾಡಿದಳು, ಮೂಲೆ ಮೂಲೆಗೆ ಬೆರಳು ಹಾಕಿದಳು, ನಾಲ್ಕಂಚಿಗೂ ಉಗುರು ಎಳೆದಳು. ಅತ್ತೆಯ ಕಣ್ಣು ಆ ಉಗುರಿನ ಹಿಂದೆಯೇ ಓಡಿತು.

"ಹೊಲಿಗೇಲಿ ತಪ್ಪಿಲ್ಲ," ಎಂದಳು ಸೊಸೆ. "ಇದ್ದಿದ್ರೆ ನಾನು ಅವತ್ತೇ ಕಿತ್ತು ಬಿಸಾಕಿರ್ತಿದ್ದೆ."

ಅದು ಬೈಗುಳವೋ ಅಲ್ಲವೋ ಅತ್ತೆಗೆ ತಿಳಿಯಲಿಲ್ಲ. ಹೇಳಿದವಳಿಗೂ ತಿಳಿದಿತ್ತೆನ್ನಲಾಗದು. ಅವಳು ಎದ್ದು ಗವಸನ್ನು ಕಸದ ಡಬ್ಬಿಗೆ ಹಾಕಿದಳು, ನೆಲ ಒರೆಸಿದಳು, ಗಂಡನ ಮೇಲಿನ ಒದ್ದೆ ಬಟ್ಟೆ ತೆಗೆದು ತೆಳುವಾದ ಒಣಬಟ್ಟೆ ಹೊದಿಸಿದಳು. ಆಮೇಲೆ ಸ್ಟೂಲನ್ನು ಮಂಚದ ತಲೆಯ ಕಡೆ ಎಳೆದು, ಥರ್ಮಾಮೀಟರನ್ನು ಅತ್ತೆಯ ಕೈಗೆ ಕೊಟ್ಟಳು.

"ಆಗಾಗ ನೋಡ್ತಿರಿ. ನೂರು ದಾಟಿದ್ರೆ ಎಬ್ಬಿಸಿ."

"ನಾನಾ? ನಾನು ನೋಡ್ಲಾ?" ಮುದುಕಿ ಥರ್ಮಾಮೀಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನೀನು?"

"ನನಗೆ ನಿದ್ದೆ ಬರ್ತಿದೆ."

ಅವಳು ಗೋಡೆಯ ಬದಿಗೆ ಬರೀ ನೆಲದ ಮೇಲೆ ಮಲಗಿದಳು, ಮುಖ ಗೋಡೆಗೆ, ಬೆನ್ನು ಮಂಚಕ್ಕೆ. ಅತ್ತೆ ಮಗನ ಕಂಕುಳಲ್ಲಿಟ್ಟಿದ್ದ ಥರ್ಮಾಮೀಟರು ತೆಗೆದು, ದೀಪದ ಕೆಳಗೆ ಹೋಗಿ, ಕಣ್ಣು ಕಿರಿದು ಮಾಡಿ ಎರಡೆರಡು ಸಲ ನೋಡಿದಳು. ಬಂದದ್ದನ್ನು ಸೊಸೆಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿ ಹೇಳಿದಳು. ಸರಿಯಾಗಿ ನೋಡಿದಿರಾ ಎಂದು ಸೊಸೆ ಕೇಳಲಿಲ್ಲ. ಅವಳಿಗೆ ಆಗಲೇ ನಿದ್ದೆ ಹತ್ತಿತ್ತು.